ಆರಡಿ ದಾಟಿದವರು ರೋಡ್ ಬೈಕ್ ಫ್ರೇಮ್ ಆರಿಸುವ ಬಗೆ

ಉದ್ದ ಇರುವವರು ರೋಡ್ ಬೈಕ್, ಅಂದರೆ ಡಾಂಬರು ರಸ್ತೆಯಲ್ಲಿ ತುಳಿಯುವ ಬಾಗಿದ ಹ್ಯಾಂಡಲ್ಲಿನ ಸೈಕಲ್, ನೋಡಲು ಹೋದರೆ ಎದುರಾಗುವ ಮೊದಲ ಪ್ರಶ್ನೆ ಎಲ್ಲ ಕಡೆಯೂ ಒಂದೇ. "ಹೈಟ್ ಎಷ್ಟು?" ಹೇಳಿದ ಕೂಡಲೇ ಒಂದು ಚಾರ್ಟ್ ಹೊರಬರುತ್ತದೆ, ಬೆರಳು ಕೊನೆಯ ಸಾಲಿನ ಹತ್ತಿರ ನಿಲ್ಲುತ್ತದೆ, "ನಿಮಗೆ 58" ಅಂತ ತೀರ್ಪು ಬರುತ್ತದೆ. ಅದೃಷ್ಟ ಕೆಟ್ಟರೆ ಅಂಗಡಿಯಲ್ಲಿ ಆ 58 ಕೂಡ ಇರುವುದಿಲ್ಲ. ಇರುವುದು 54 ಮತ್ತು 56. ಆಗ ಬರುವ ಮಾತು: "ಸೀಟು ಎತ್ತಿದರೆ ಸರಿಹೋಗುತ್ತೆ ಬಿಡಿ."

ಸೀಟು ಎತ್ತಬಹುದು, ನಿಜ. ಆದರೆ ಅದರ ಜೊತೆ ಹ್ಯಾಂಡಲ್ ಮೇಲೆ ಬರುವುದಿಲ್ಲ. ಎತ್ತರದವರ ಬೆನ್ನು, ಕುತ್ತಿಗೆ, ಅಂಗೈ ನೋವಿನ ಬಹುಪಾಲು ಇಲ್ಲಿಂದಲೇ ಶುರುವಾಗುತ್ತದೆ. ಹಾಗಾಗಿ ಫ್ರೇಮ್ ನೋಡುವಾಗ ನಾನು ಸೈಜ್ ನಂಬರ್ ಕೇಳುವುದಿಲ್ಲ. ಮುಂಭಾಗ ಎಷ್ಟು ಎತ್ತರ ಇದೆ ಅಂತ ಕೇಳುತ್ತೇನೆ. ಉಳಿದದ್ದೆಲ್ಲ ಆಮೇಲೆ.

ಒಂದೇ ಎತ್ತರ, ಬೇರೆ ಬೇರೆ ಸೈಕಲ್

ನನ್ನ ಎತ್ತರ 191 ಸೆಂ.ಮೀ. ನನ್ನ ಅಕ್ಕನ ಮಗನದೂ ಅಷ್ಟೇ. ಗೋಡೆಗೆ ಒತ್ತಿ ನಿಂತರೆ ಇಬ್ಬರ ತಲೆಯೂ ಒಂದೇ ಗೆರೆಗೆ ಬರುತ್ತದೆ. ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂತರೆ ಮಾತ್ರ ನಾನು ಅವನಿಗಿಂತ ನಾಲ್ಕು ಬೆರಳು ಎತ್ತರ. ಅಂದರೆ ನನ್ನ ಉದ್ದವೆಲ್ಲ ಬೆನ್ನಿನಲ್ಲಿದೆ, ಅವನದು ಕಾಲಿನಲ್ಲಿ. ಚಾರ್ಟ್ ಇಬ್ಬರಿಗೂ ಒಂದೇ ಸೈಜ್ ಹೇಳುತ್ತದೆ. ಅವನು ರೋಡ್ ಬೈಕ್ ಕೊಳ್ಳುತ್ತೇನೆ ಅಂದಾಗ "ಮಾವ, ನಿಮ್ಮದೇ ಸೈಜ್ ತಗೊಂಡ್ರೆ ಆಯ್ತಲ್ವಾ?" ಅಂತ ಕೇಳಿದ. ಟೇಪ್ ತಗೊಂಡು ಬಾ ಅಂದೆ.

ಅಳೆಯಬೇಕಾದದ್ದು ಕಾಲಿನ ಒಳ ಉದ್ದ, ಸೈಕಲ್ ಮಂದಿ ಇನ್‌ಸೀಮ್ ಅನ್ನುವುದು. ಪ್ಯಾಂಟಿನ ಅಳತೆಯನ್ನು ಇಲ್ಲಿಗೆ ತರಬೇಡಿ. ದರ್ಜಿಯ ಇನ್‌ಸೀಮ್ ಇದಕ್ಕಿಂತ ಹಲವು ಸೆಂ.ಮೀ. ಕಡಿಮೆ ಇರುತ್ತದೆ. ಬರಿಗಾಲಲ್ಲಿ, ತೆಳು ಚಡ್ಡಿಯಲ್ಲಿ, ಗೋಡೆಗೆ ಬೆನ್ನು ಹಾಕಿ ನಿಲ್ಲಿ. ಪಾದಗಳ ನಡುವೆ 15ರಿಂದ 20 ಸೆಂ.ಮೀ. ಜಾಗ ಇರಲಿ. ಗಟ್ಟಿ ರಟ್ಟಿನ ದಪ್ಪ ಪುಸ್ತಕವೊಂದನ್ನು ತೊಡೆಗಳ ಮಧ್ಯೆ, ಬೆನ್ನುಪಟ್ಟಿ ಮೇಲೆ ಬರುವಂತೆ ಇಟ್ಟುಕೊಂಡು ಮೇಲಕ್ಕೆ ಎಳೆಯಿರಿ. ಸುಮ್ನೆ ತಾಗಿಸಿದರೆ ಸಾಲದು. ಸೀಟಿನ ಮೇಲೆ ಕೂತಾಗ ಬೀಳುವಷ್ಟು ಒತ್ತಡ ಬೀಳಬೇಕು, ಮೂಳೆಗೆ ತಾಗಿದ್ದು ಗೊತ್ತಾಗಬೇಕು. ಪುಸ್ತಕದ ಹಿಂದಿನ ಅಂಚು ಪೂರ್ತಿ ಗೋಡೆಗೆ ಅಂಟಿರಲಿ, ಇಲ್ಲದಿದ್ದರೆ ಅದು ಓರೆಯಾಗಿ ಅಳತೆ ಕೆಡುತ್ತದೆ. ಮೇಲಿನ ಅಂಚಿಗೆ ಪೆನ್ಸಿಲ್ ಗೆರೆ ಎಳೆಯಲು ಇನ್ನೊಬ್ಬರನ್ನು ಕರೆಯಿರಿ. ನೀವೇ ಬಗ್ಗಿ ಎಳೆದರೆ ಪುಸ್ತಕವೂ ಬಗ್ಗುತ್ತದೆ. ಆಮೇಲೆ ನೆಲದಿಂದ ಗೆರೆಯವರೆಗೆ ಟೇಪ್ ಹಿಡಿಯಿರಿ. ಎರಡು ಮೂರು ಸಲ ಅಳೆದು, ಹತ್ತಿರ ಹತ್ತಿರ ಬಂದ ಅಳತೆಗಳನ್ನು ನಂಬಿ.

ನನಗೆ ಬಂದದ್ದು 87. ಅವನಿಗೆ 94.

ಇದನ್ನು 0.883ರಿಂದ ಗುಣಿಸಿದರೆ ಸೀಟಿನ ಎತ್ತರ ಸಿಗುತ್ತದೆ. ಅಂದರೆ ಪೆಡಲಿನ ತೋಳಾದ ಕ್ರ್ಯಾಂಕ್ ತಿರುಗುವ ಬಾಟಮ್ ಬ್ರಾಕೆಟ್‌ನ ನಡುಬಿಂದುವಿನಿಂದ, ಸೀಟನ್ನು ಹೊರುವ ಓರೆ ಕೊಳವೆಯಾದ ಸೀಟ್ ಟ್ಯೂಬ್ ಗುಂಟ, ಸೀಟಿನ ಮೇಲ್ಭಾಗದವರೆಗಿನ ದೂರ. ಈ ಲೆಕ್ಕ ಪ್ರಸಿದ್ಧವಾದದ್ದು ಗ್ರೆಗ್ ಲೆಮಾಂಡ್ ಅವರಿಂದ. 1986, 1989 ಮತ್ತು 1990ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದವರು ಅವರು. ಇದು ಶಾಸನವೇನಲ್ಲ. ಕ್ರ್ಯಾಂಕ್ ಉದ್ದ, ಶೂ ಅಟ್ಟೆ, ಪಾದ ಬಾಗಿಸುವ ಅಭ್ಯಾಸ ನೋಡಿಕೊಂಡು ಒಂದು ಸೆಂ.ಮೀ. ಆಚೀಚೆ ಆಗುತ್ತದೆ. ಸೈಕಲ್ ಆರಿಸುವುದಕ್ಕೆ ಇಷ್ಟು ಧಾರಾಳ ಸಾಕು. ನನ್ನ ಸೀಟು 76.8ಕ್ಕೆ ಬಂತು, ಅವನದು 83ಕ್ಕೆ. ಒಂದೇ ಎತ್ತರದ ಇಬ್ಬರ ಸೀಟಿನಲ್ಲಿ ಆರು ಸೆಂ.ಮೀ. ಅಂತರ!

ಸೈಜ್ ನಂಬರ್ ಹೇಳುವುದೂ ಹೇಳದಿರುವುದೂ

56, 58, 61 ಅನ್ನುವ ನಂಬರುಗಳು ಸೀಟ್ ಟ್ಯೂಬಿನ ಉದ್ದದಿಂದ ಬಂದವು. ಹಳೆಯ ಸ್ಟೀಲ್ ಫ್ರೇಮುಗಳಲ್ಲಿ ಟಾಪ್ ಟ್ಯೂಬ್, ಅಂದರೆ ಸೀಟಿನ ಕಡೆಯಿಂದ ಹ್ಯಾಂಡಲ್ ಕಡೆಗೆ ಹೋಗುವ ಮೇಲಿನ ಕೊಳವೆ, ನೆಲಕ್ಕೆ ಸಮಾನಾಂತರವಾಗಿರುತ್ತಿತ್ತು. ಸೀಟ್ ಟ್ಯೂಬ್ ಎಷ್ಟು ಉದ್ದವೋ ಮುಂಭಾಗವೂ ಅದಕ್ಕೆ ತಕ್ಕಷ್ಟು ಎತ್ತರ. ಹಾಗಾಗಿ ಒಂದು ನಂಬರ್ ಎಲ್ಲ ಹೇಳುತ್ತಿತ್ತು. ಇನ್‌ಸೀಮ್‌ನ ಸುಮಾರು ಮೂರನೇ ಎರಡು ಭಾಗ ಫ್ರೇಮ್ ಸೈಜ್ ಅನ್ನುವ ಹಳೆಯ ಲೆಕ್ಕ ಆ ಕಾಲದ್ದು.

1990ರ ದಶಕದ ಕೊನೆಗೆ ಜೈಂಟ್ ಕಂಪನಿ ಟಿಸಿಆರ್ ಅನ್ನುವ ಸೈಕಲ್ ತಂದಿತು. ವಿನ್ಯಾಸ ಮೈಕ್ ಬರೋಸ್ ಅವರದು. ಟಾಪ್ ಟ್ಯೂಬ್ ಹಿಂದಕ್ಕೆ ಇಳಿಜಾರು, ಸೀಟ್ ಟ್ಯೂಬ್ ಗಿಡ್ಡ, ಅದರೊಳಗೆ ಇಳಿದು ಸೀಟನ್ನು ಹಿಡಿಯುವ ಸೀಟ್ ಪೋಸ್ಟ್ ಉದ್ದ. ಕೆಲವೇ ಸೈಜುಗಳಲ್ಲಿ ಎಲ್ಲರನ್ನೂ ಕೂರಿಸುವ ಉಪಾಯ. ಇವತ್ತು ಹೆಚ್ಚಿನ ರೋಡ್ ಬೈಕುಗಳು ಇದೇ ದಾರಿಯಲ್ಲಿವೆ. ಪರಿಣಾಮ ಏನು? ಸ್ಟಿಕರ್ ಮೇಲೆ 58 ಅಂತ ಇರುವ ಸೈಕಲ್ಲಿನಲ್ಲಿ 58 ಸೆಂ.ಮೀ. ಇರುವ ಯಾವ ಟ್ಯೂಬೂ ಸಿಗದೇ ಹೋಗಬಹುದು. ಎಲ್, ಎಕ್ಸ್‌ಎಲ್ ಅಂತ ಬರೆದಿದ್ದರಂತೂ ಒಂದು ಕಂಪನಿಯ ಎಲ್ ಇನ್ನೊಂದರ ಎಕ್ಸ್‌ಎಲ್‌ಗೆ ಸಮ. ಚಾರ್ಟು ಸುಳ್ಳು ಅಂತ ಅಲ್ಲ. ಅದು ಅವರವರ ಸೈಕಲ್ಲಿಗೆ ಮಾತ್ರ ನಿಜ.

ನೋಡಬೇಕಾದದ್ದು ಎರಡು ಅಳತೆ, ಸ್ಟ್ಯಾಕ್ ಮತ್ತು ರೀಚ್. ಹೆಸರಿರುವ ಕಂಪನಿಗಳೆಲ್ಲ ಇವನ್ನು ಪ್ರತಿ ಸೈಜಿಗೂ ಬರೆದಿರುತ್ತವೆ, ಜಿಯೋಮೆಟ್ರಿ ಅನ್ನುವ ಕೋಷ್ಟಕದಲ್ಲಿ. ಬಾಟಮ್ ಬ್ರಾಕೆಟ್‌ನ ನಡುಬಿಂದುವಿನಿಂದ ನೆಟ್ಟಗೆ ಮೇಲಕ್ಕೆ, ಫ್ರೇಮಿನ ಮುಂದಿನ ಗಿಡ್ಡ ಕೊಳವೆಯಾದ ಹೆಡ್ ಟ್ಯೂಬಿನ ಮೇಲ್ತುದಿಯ ಮಟ್ಟದವರೆಗೆ ಇರುವ ಎತ್ತರ ಸ್ಟ್ಯಾಕ್. ಆ ಮಟ್ಟದಲ್ಲಿ, ಬಾಟಮ್ ಬ್ರಾಕೆಟ್‌ನ ನೇರ ಮೇಲಿನ ಬಿಂದುವಿನಿಂದ ಅಡ್ಡಕ್ಕೆ ಹೆಡ್ ಟ್ಯೂಬಿನ ತುದಿಯವರೆಗಿನ ದೂರ ರೀಚ್. ಒಂದು ಎತ್ತರ, ಇನ್ನೊಂದು ಉದ್ದ. ಸೀಟು ಎಲ್ಲಿದ್ದರೂ ಇವು ಬದಲಾಗುವುದಿಲ್ಲ, ಅದಕ್ಕೇ ಎರಡು ಬ್ರ್ಯಾಂಡುಗಳನ್ನು ಹೋಲಿಸಲು ಇವು ನಂಬಿಗಸ್ತ.

ಅನುಕೂಲಕ್ಕೆ ಮಾಡಿದ ಎಂಡ್ಯೂರೆನ್ಸ್ ಸೈಕಲ್ಲುಗಳಲ್ಲಿ ಸ್ಟ್ಯಾಕ್ ಜಾಸ್ತಿ. ಟ್ರೆಕ್ ಡೊಮಾನೆ, ಸ್ಪೆಷಲೈಸ್ಡ್ ರೂಬೆ, ಜೈಂಟ್ ಡಿಫೈ, ಕ್ಯಾನನ್‌ಡೇಲ್ ಸಿನಾಪ್ಸ್ ಇವೆಲ್ಲ ಆ ಜಾತಿಯವು. ಸ್ಪೆಷಲೈಸ್ಡ್ ಟಾರ್ಮ್ಯಾಕ್, ಜೈಂಟ್ ಟಿಸಿಆರ್ ಥರದ ರೇಸ್ ಸೈಕಲ್ಲುಗಳಲ್ಲಿ ಅದೇ ಸೈಜಿಗೆ ಸ್ಟ್ಯಾಕ್ ಕಡಿಮೆ, ರೀಚ್ ಕೊಂಚ ಹೆಚ್ಚು. ನೋಡಲು ರೇಸ್ ಸೈಕಲ್ ಚೆಂದ, ಒಪ್ಪುತ್ತೇನೆ. ಎತ್ತರದ ಹೊಸಬರು ಮೊದಲ ಸೈಕಲ್ಲಾಗಿ ಎಂಡ್ಯೂರೆನ್ಸ್ ಕಡೆಯೇ ನೋಡಲಿ ಅನ್ನುವುದು ನನ್ನ ಹಟ.

ಮನೆಯಲ್ಲೇ ಹಾಕಬಹುದಾದ ಲೆಕ್ಕ

ಸೀಟಿನ ಮೇಲ್ಭಾಗಕ್ಕಿಂತ ಹ್ಯಾಂಡಲ್ ಮೇಲ್ಭಾಗ ಎಷ್ಟು ಕೆಳಗಿದೆ ಅನ್ನುವುದೇ ಡ್ರಾಪ್. ಬೆನ್ನು ಎಷ್ಟು ಬಾಗಬೇಕು ಅಂತ ಹೆಚ್ಚಾಗಿ ತೀರ್ಮಾನಿಸುವುದು ಇದು. ಸೈಕಲ್ ಮುಟ್ಟದೆಯೇ ಇದನ್ನು ಅಂದಾಜು ಮಾಡಬಹುದು.

ಸೀಟ್ ಟ್ಯೂಬ್ ಸುಮಾರು 73 ಡಿಗ್ರಿ ಓರೆಯಾಗಿರುತ್ತದೆ. ಹಾಗಾಗಿ ನಿಮ್ಮ ಸೀಟಿನ ಎತ್ತರವನ್ನು 0.96ರಿಂದ ಗುಣಿಸಿದರೆ ನೆಟ್ಟಗಿನ ಎತ್ತರ ಸಿಗುತ್ತದೆ. ಇನ್ನೊಂದು ಕಡೆ, ಫ್ರೇಮಿನ ಸ್ಟ್ಯಾಕ್‌ಗೆ 8.5 ಸೆಂ.ಮೀ. ಸೇರಿಸಿ. ಹೆಡ್ ಟ್ಯೂಬಿನ ಮೇಲೆ ಕೂರುವ ಹೆಡ್‌ಸೆಟ್ ಮುಚ್ಚಳ, ಅದರ ಮೇಲೆ ಪೇರಿಸುವ ಉಂಗುರಗಳಾದ ಸ್ಪೇಸರ್ ಎರಡು ಸೆಂ.ಮೀ., ಹ್ಯಾಂಡಲನ್ನು ಮುಂದೆ ಹಿಡಿಯುವ ಆರು ಡಿಗ್ರಿ ಓರೆಯ 11 ಸೆಂ.ಮೀ. ಸ್ಟೆಮ್, ಹ್ಯಾಂಡಲ್ ಕೊಳವೆಯ ಅರ್ಧ ದಪ್ಪ, ಎಲ್ಲ ಸೇರಿ ಹತ್ತಿರ ಹತ್ತಿರ ಇಷ್ಟಾಗುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಉಳಿದದ್ದು ಡ್ರಾಪ್.

ನಮ್ಮಿಬ್ಬರ ಲೆಕ್ಕ ನೋಡಿ. ನನ್ನ ಸೀಟು ನೆಟ್ಟಗೆ 73.7, ಅವನದು 79.7.

ಮೊದಲು ಒಂದು ರೇಸ್ ಮಾದರಿಯ 56 ತೆಗೆದುಕೊಂಡೆವು, ಸ್ಟ್ಯಾಕ್ 57 ಸೆಂ.ಮೀ. ಹ್ಯಾಂಡಲ್ ನಿಲ್ಲುವುದು 65.5ಕ್ಕೆ. ನನಗೆ 8 ಸೆಂ.ಮೀ. ಡ್ರಾಪ್, ಅವನಿಗೆ 14! ಹದಿನಾಲ್ಕು ಅಂದರೆ ವರ್ಷಗಟ್ಟಲೆ ಸೈಕಲ್ ತುಳಿದ, ಮೈ ಚೆನ್ನಾಗಿ ಬಾಗುವ ರೇಸರುಗಳ ಡ್ರಾಪ್. ಆಮೇಲೆ ಎಂಡ್ಯೂರೆನ್ಸ್ 58, ಸ್ಟ್ಯಾಕ್ 61. ನನಗೆ 4, ಅವನಿಗೆ 10. ಕೊನೆಗೆ ಎಂಡ್ಯೂರೆನ್ಸ್ 61, ಸ್ಟ್ಯಾಕ್ 64. ನನಗೆ 1, ಅವನಿಗೆ 7.

ಹೊಸಬರಿಗೆ 3ರಿಂದ 6 ಸೆಂ.ಮೀ. ಡ್ರಾಪ್ ಸಲೀಸು. ಕೈ ಉದ್ದ ಇರುವವರು 7 ಕೂಡ ತಡೆದುಕೊಳ್ಳುತ್ತಾರೆ, ಯಾಕೆಂದರೆ ಅವರ ಕೈ ಅಷ್ಟು ಕೆಳಗೆ ತಾನಾಗಿ ತಲುಪುತ್ತದೆ. ಹತ್ತರ ಮೇಲೆ ಹೋದರೆ ಬೇಡ. ಹಾಗಾಗಿ ನನಗೆ 58 ಸರಿ, ಅವನಿಗೆ 61ಕ್ಕಿಂತ ಕಡಿಮೆ ಬೇಡವೇ ಬೇಡ. ಅವನು ನನ್ನದೇ ಸೈಜ್ ತಗೊಂಡಿದ್ದರೆ 10 ಸೆಂ.ಮೀ. ಕೆಳಗೆ ಬಗ್ಗಿ ತುಳಿಯಬೇಕಿತ್ತು.

ಇಲ್ಲಿ ಇನ್ನೊಂದು ವಿಷಯ ಗಮನಿಸಿ. ಒಂದು ಸೈಜ್ ಮೇಲಕ್ಕೆ ಹೋದರೆ ಸ್ಟ್ಯಾಕ್ ಎರಡು ಮೂರು ಸೆಂ.ಮೀ. ಹೆಚ್ಚುತ್ತದೆ. ರೀಚ್ ಹೆಚ್ಚುವುದು ಅರ್ಧದಿಂದ ಒಂದು ಸೆಂ.ಮೀ. ಅಷ್ಟೇ. "ದೊಡ್ಡ ಫ್ರೇಮ್ ತಗೊಂಡರೆ ಹ್ಯಾಂಡಲ್ ದೂರ ಆಗಿಬಿಡುತ್ತೆ" ಅನ್ನುವ ಹೆದರಿಕೆಗೆ ಅಷ್ಟೇನೂ ಹುರುಳಿಲ್ಲ. ಒಂದು ಸೆಂ.ಮೀ. ಗಿಡ್ಡ ಸ್ಟೆಮ್ ಹಾಕಿದರೆ ಅದು ಸರಿಯಾಯಿತು. ಚಿಕ್ಕ ಫ್ರೇಮಿನ ತಗ್ಗು ಮುಂಭಾಗವನ್ನು ಸರಿಮಾಡಲು ಅಷ್ಟು ಸುಲಭದ ದಾರಿ ಇಲ್ಲ.

ಸ್ಪೇಸರ್ ಪೇರಿಸಿದರೆ ಆಗಲ್ವಾ ಅಂತ ಕೇಳಬಹುದು. ಸ್ವಲ್ಪ ಆಗುತ್ತದೆ. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಕಾರ್ಬನ್ನಿನದಾದರೆ ಸ್ಟೆಮ್ ಕೆಳಗೆ ಇಂತಿಷ್ಟೇ ಸ್ಪೇಸರ್ ಅನ್ನುವ ಮಿತಿಯನ್ನು ತಯಾರಕರು ಕೊಟ್ಟಿರುತ್ತಾರೆ, ಹಲವು ಕಡೆ ಅದು 3-4 ಸೆಂ.ಮೀ. ಅದನ್ನು ಮೀರುವುದು ಅಪಾಯ. ಜೊತೆಗೆ ಹೆಡ್ ಟ್ಯೂಬ್ ಓರೆಯಾಗಿರುವುದರಿಂದ ಒಂದು ಸೆಂ.ಮೀ. ಸ್ಪೇಸರ್ ಹಾಕಿದಾಗೆಲ್ಲ ಹ್ಯಾಂಡಲ್ ಸುಮಾರು ಮೂರು ಮಿ.ಮೀ. ನಿಮ್ಮ ಕಡೆಗೂ ಸರಿಯುತ್ತದೆ. ಮೊದಲೇ ಗಿಡ್ಡವಾಗಿದ್ದ ಫ್ರೇಮ್ ಇನ್ನೂ ಗಿಡ್ಡವಾಗುತ್ತದೆ. ಹೆಡ್ ಟ್ಯೂಬಿನೊಳಗಿಂದ ಮೇಲೆ ಬಂದು ಸ್ಟೆಮ್ ಹಿಡಿಯುವ, ಫೋರ್ಕಿನ ಸ್ಟೀರರ್ ಕೊಳವೆಯನ್ನು ಮೊದಲೇ ಕತ್ತರಿಸಿಬಿಟ್ಟಿದ್ದರಂತೂ ಕಥೆ ಅಲ್ಲಿಗೇ ಮುಗಿಯಿತು. ಹೊಸ ಸೈಕಲ್ ತೆಗೆದುಕೊಳ್ಳುವಾಗ "ಸ್ಟೀರರ್ ಕತ್ತರಿಸಬೇಡಿ, ಸ್ವಲ್ಪ ದಿನ ತುಳಿದು ನೋಡುತ್ತೇನೆ" ಅಂತ ಮೊದಲೇ ಹೇಳಿಬಿಡಿ.

ಸೀಟ್ ಪೋಸ್ಟ್

ಸೀಟ್ ಪೋಸ್ಟಿಗೂ ಒಂದು ಮಿತಿ ಇದೆ. ಅದರ ಮೇಲೆ ಅಡ್ಡಗೆರೆಗಳಿರುತ್ತವೆ, ಕನಿಷ್ಠ ಇಷ್ಟು ಫ್ರೇಮಿನ ಒಳಗಿರಲೇಬೇಕು ಅಂತ. ಗೆರೆ ಹೊರಗೆ ಕಾಣಿಸಿತೋ, ಫ್ರೇಮ್ ಬಿರುಕು ಬಿಡಬಹುದು, ಪೋಸ್ಟ್ ಮುರಿಯಬಹುದು. ಅವನ ಸೀಟು 83 ಸೆಂ.ಮೀ. ಸೀಟು ಮತ್ತು ಕ್ಲ್ಯಾಂಪಿಗೆ ಐದು ಬಿಡಿ, 78. ಇಳಿಜಾರು ಟಾಪ್ ಟ್ಯೂಬಿನ 56ರಲ್ಲಿ ಸೀಟ್ ಟ್ಯೂಬ್ 50ರ ಆಸುಪಾಸು ಇದ್ದರೆ ಪೋಸ್ಟ್ 28 ಸೆಂ.ಮೀ. ಹೊರಗೆ ನಿಲ್ಲಬೇಕು. 35 ಸೆಂ.ಮೀ. ಉದ್ದದ ಪೋಸ್ಟಿನಲ್ಲಿ ಒಳಗೆ ಉಳಿಯುವುದು ಏಳು. ಬಹಳ ಪೋಸ್ಟುಗಳು ಅದಕ್ಕಿಂತ ಜಾಸ್ತಿ ಕೇಳುತ್ತವೆ. ಉದ್ದದ ಪೋಸ್ಟ್ ಸಿಗುತ್ತದೆ, ಆದರೆ ಅಷ್ಟು ಎತ್ತಬೇಕಾಗಿ ಬಂತು ಅಂದರೆ ಫ್ರೇಮೇ ಚಿಕ್ಕದು ಅಂತ ಅರ್ಥ.

ಸೀಟು ಎತ್ತಿದಷ್ಟೂ ಅದು ಹಿಂದಕ್ಕೂ ಹೋಗುತ್ತದೆ, ಟ್ಯೂಬ್ ಓರೆ ಇದೆಯಲ್ಲ. ತೀರಾ ಉದ್ದ ಕಾಲಿನವರು ಹಿಂದಿನ ಚಕ್ರದ ಮೇಲೆಯೇ ಕೂತಂತೆ ಆಗಿ, ಏರಿನಲ್ಲಿ ಮುಂದಿನ ಚಕ್ರ ಹಗುರವಾಗುವುದು ಇದರಿಂದ. ಸೀಟ್ ಟ್ಯೂಬ್ ಕೋನ 72.5 ಇರುವುದಕ್ಕಿಂತ 73.5 ಇರುವುದು ಇಂಥವರಿಗೆ ಒಳ್ಳೆಯದು. ಒಂದು ಡಿಗ್ರಿಗೆ ಸೀಟು ಒಂದೂಕಾಲು, ಒಂದೂವರೆ ಸೆಂ.ಮೀ. ಮುಂದೆ ಬರುತ್ತದೆ.

ಬೆನ್ನು ಉದ್ದ ಇದ್ದರೆ

ಇದು ನನ್ನ ಕಡೆಯ ಮಾತು. ಕಾಲು ಸಾಧಾರಣ, ಬೆನ್ನು ಮತ್ತು ಕೈ ಉದ್ದ ಇರುವವರಿಗೆ ಎತ್ತರ ಸುಲಭವಾಗಿ ಸಿಗುತ್ತದೆ, ಉದ್ದ ಸಿಗುವುದಿಲ್ಲ. ಎರಡೂ ಕೈ ಚಾಚಿ ಬೆರಳ ತುದಿಯಿಂದ ತುದಿಗೆ ಅಳೆಸಿಕೊಳ್ಳಿ. ಅದು ನಿಮ್ಮ ಎತ್ತರಕ್ಕಿಂತ ನಾಲ್ಕೈದು ಸೆಂ.ಮೀ. ಜಾಸ್ತಿ ಬಂದರೆ ರೀಚ್ ಕಡೆ ಗಮನ ಕೊಡಿ. ಒಂದೇ ಸ್ಟ್ಯಾಕ್ ಇರುವ ಎರಡು ಫ್ರೇಮುಗಳಲ್ಲಿ ರೀಚ್ ಹೆಚ್ಚಿರುವುದನ್ನು ಆರಿಸಿ. 12 ಸೆಂ.ಮೀ. ಸ್ಟೆಮ್ ಹಾಕಿದರೂ ಪರವಾಗಿಲ್ಲ, ದೊಡ್ಡ ಫ್ರೇಮಿಗೆ ಅದು ಒಪ್ಪುತ್ತದೆ. ಅದೇ ದೊಡ್ಡ ಫ್ರೇಮಿಗೆ 7 ಸೆಂ.ಮೀ. ಸ್ಟೆಮ್ ಹಾಕಬೇಕಾಗಿ ಬಂದರೆ ಫ್ರೇಮ್ ನಿಮಗೆ ಉದ್ದ ಅಂತ ತಿಳಿಯಿರಿ.

ಎರಡು ಸೈಜುಗಳ ನಡುವೆ ಸಿಕ್ಕಿಕೊಂಡರೆ ಚಿಕ್ಕದನ್ನೇ ತಗೊಳ್ಳಿ ಅನ್ನುವ ಉಪದೇಶ ಎಲ್ಲ ಕಡೆ ಕೇಳುತ್ತೀರಿ. ರೇಸ್ ಓಡಿಸುವವರಿಗೆ ಅದು ಸರಿ, ಅವರಿಗೆ ತಗ್ಗಿದ ಮುಂಭಾಗವೇ ಬೇಕು. ಕಾಲುದ್ದದ ಹೊಸಬರು ದೊಡ್ಡದನ್ನು ತಗೊಳ್ಳಲಿ. ಬೆನ್ನುದ್ದದವರು ಮಾತ್ರ ಚಿಕ್ಕದರ ಬಗ್ಗೆ ಯೋಚಿಸಬಹುದು, ಅದೂ ರೀಚ್ ನೋಡಿಕೊಂಡು.

ಕೆಲವು ಕಂಪನಿಗಳ ಸಾಲು 61-62ಕ್ಕೆ ಮುಗಿಯುತ್ತದೆ, ಕೆಲವರದು 58ಕ್ಕೇ ನಿಂತುಬಿಡುತ್ತದೆ. ನೀವು 198 ಸೆಂ.ಮೀ. ದಾಟಿದ್ದು, ಇನ್‌ಸೀಮ್ 97ರ ಮೇಲಿದ್ದರೆ, ತಯಾರಾಗಿ ಸಿಗುವ ದೊಡ್ಡ ಸೈಜು ಕೂಡ ಗಿಡ್ಡವಾಗಬಹುದು. ಅಂಥವರು ಅಳತೆ ಕೊಟ್ಟು ಫ್ರೇಮ್ ಮಾಡಿಸುವುದು ಶೋಕಿ ಅಲ್ಲ, ಅಗತ್ಯ.

ಫ್ರೇಮ್ ಜೊತೆಗೆ ಬರುವ ಸಣ್ಣಪುಟ್ಟ ಸಂಗತಿ

ದೊಡ್ಡ ಫ್ರೇಮುಗಳಿಗೆ ಸಾಮಾನ್ಯವಾಗಿ 175 ಮಿ.ಮೀ. ಕ್ರ್ಯಾಂಕ್ ಮತ್ತು 44 ಸೆಂ.ಮೀ. ಅಗಲದ ಹ್ಯಾಂಡಲ್ ಬರುತ್ತವೆ. ಅದು ಸರಿಯಾಗಿಯೇ ಇರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಉದ್ದ ಇದ್ದವರ ತೂಕವೂ ತಕ್ಕಂತೆ ಇರುತ್ತದೆ, ಹಾಗಾಗಿ ಸೈಕಲ್ಲಿನ ತೂಕದ ಮಿತಿ ಓದಿ. ಕಡ್ಡಿಗಳು ಕಡಿಮೆ ಇರುವ ಶೋಕಿ ಚಕ್ರ ಬೇಡ. 28ರಿಂದ 32 ಮಿ.ಮೀ. ಅಗಲದ ಟೈರ್ ಹಿಡಿಯುವ ಫ್ರೇಮ್ ಇರಲಿ.

ತುಂಬ ದೊಡ್ಡ ಫ್ರೇಮುಗಳಲ್ಲಿ ಜೋರು ಇಳಿಜಾರಿನಲ್ಲಿ ಹ್ಯಾಂಡಲ್ ಒಮ್ಮೊಮ್ಮೆ ಗಡಗಡ ನಡುಗುವುದುಂಟು. ಹೊಸಬರಿಗೆ ಜೀವ ಬಾಯಿಗೆ ಬರುತ್ತದೆ. ಆಗ ಹ್ಯಾಂಡಲನ್ನು ಗಟ್ಟಿಯಾಗಿ ಹಿಸುಕಬೇಡಿ. ಒಂದು ಮೊಣಕಾಲನ್ನು ಟಾಪ್ ಟ್ಯೂಬಿಗೆ ಒತ್ತಿ, ಸೀಟಿನ ಮೇಲಿನ ಭಾರ ಸ್ವಲ್ಪ ಕಡಿಮೆ ಮಾಡಿ, ನಿಧಾನವಾಗಿ ಬ್ರೇಕ್ ಹಿಡಿಯಿರಿ. ನಡುಕ ಇಳಿಯುತ್ತದೆ.

ಹತ್ತಿ ನೋಡುವಾಗ

ಲೆಕ್ಕ ಹಾಕಿದ ಮೇಲೂ ತುಳಿದು ನೋಡದೆ ಹಣ ಕೊಡಬೇಡಿ. ಆದರೆ ತುಳಿಯುವ ಮೊದಲು ಸೀಟನ್ನು ನಿಮ್ಮ ಎತ್ತರಕ್ಕೆ ಕೂರಿಸಿಕೊಳ್ಳಿ. ಅಂಗಡಿಯಲ್ಲಿ ಯಾರದೋ ಎತ್ತರಕ್ಕೆ ಇಟ್ಟ ಸೀಟಿನ ಮೇಲೆ ಕೂತು "ಆರಾಮಾಗಿದೆ" ಅನ್ನುವುದರಲ್ಲಿ ಅರ್ಥ ಇಲ್ಲ. ಸೀಟು ತಗ್ಗಿದ್ದರೆ ಹ್ಯಾಂಡಲ್ ಎತ್ತರವೇ ಅನ್ನಿಸುತ್ತದೆ. ನಿಮ್ಮ ಟೇಪ್ ನೀವೇ ಒಯ್ಯಿರಿ. ಬಾಟಮ್ ಬ್ರಾಕೆಟ್ ನಡುವಿನಿಂದ ಅಳೆದು ಸೀಟು ನಿಲ್ಲಿಸಿ. ಆಮೇಲೆ ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ತನ್ನಿ. ಕಾಲು ಪೂರ್ತಿ ನೆಟ್ಟಗಾಗಬೇಕು, ಸೊಂಟ ವಾಲಬಾರದು. ಪಾದದ ಮುಂಭಾಗದಿಂದ ತುಳಿದಾಗ ಮೊಣಕಾಲು ತಾನಾಗಿ ಹದವಾಗಿ ಬಾಗಿರುತ್ತದೆ.

ಕಡೇಪಕ್ಷ ಇಪ್ಪತ್ತು ನಿಮಿಷ ತುಳಿಯಿರಿ. ಮೊದಲ ಐದು ನಿಮಿಷ ಎಲ್ಲ ಸೈಕಲ್ಲೂ ಚೆನ್ನಾಗಿರುತ್ತದೆ. ಕೈ ಬ್ರೇಕ್ ಹುಡ್‌ಗಳ, ಅಂದರೆ ಬ್ರೇಕ್ ಹಿಡಿಕೆಯ ರಬ್ಬರ್ ಹೊದಿಕೆಗಳ ಮೇಲಿರಲಿ, ಮೊಣಕೈ ಕೊಂಚ ಮಡಚಿರಲಿ. ನಿಮಗೇ ಗೊತ್ತಿಲ್ಲದೆ ಕೈ ಹಿಂದಕ್ಕೆ ಜಾರಿ ಹ್ಯಾಂಡಲಿನ ಅಡ್ಡಪಟ್ಟಿ ಹಿಡಿದುಕೊಳ್ಳುತ್ತಿದ್ದರೆ ಹ್ಯಾಂಡಲ್ ದೂರ ಅಥವಾ ತಗ್ಗು. ಅಂಗೈಗೆ ಭಾರ ಬಿದ್ದು ಬೆರಳು ಜುಮ್ ಅನ್ನುತ್ತಿದ್ದರೆ ಹೆಚ್ಚಾಗಿ ತಗ್ಗು. ಬೆನ್ನು ಗೂನಾಗಿ, ನಿಂತು ತುಳಿಯುವಾಗ ಮೊಣಕಾಲು ಹ್ಯಾಂಡಲ್ ಹತ್ತಿರ ಬರುತ್ತಿದ್ದರೆ ಫ್ರೇಮ್ ಗಿಡ್ಡ. ದೂರದ ರಸ್ತೆ ನೋಡಲು ಕುತ್ತಿಗೆಯನ್ನು ಬಲವಂತವಾಗಿ ಎತ್ತಬೇಕಾದರೆ ಡ್ರಾಪ್ ಜಾಸ್ತಿ.

ಅಕ್ಕನ ಮಗ 61 ಹತ್ತಿ ಬಂದವನು ಮೊದಲು ಹೇಳಿದ್ದು, "ನೋಡೋಕೆ ಗೇಟ್ ಥರ ಇದೆ ಮಾವ." ನಿಜ, ದೊಡ್ಡ ಫ್ರೇಮಿನ ಹೆಡ್ ಟ್ಯೂಬ್ ಉದ್ದ, ಫೋಟೋದಲ್ಲಿ 54ರಷ್ಟು ಅಂದವಾಗಿ ಬರುವುದಿಲ್ಲ. ತುಳಿಯುವಾಗ ಅದು ನಿನಗೆ ಕಾಣಿಸುವುದೇ ಇಲ್ಲವಲ್ಲ ಅಂದೆ.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಒಂದು ಮಾತು ಬಾಕಿ ಇದೆ. ಹಳೆಯ ಫ್ರೇಮಿನ ಸೈಜನ್ನು ಕೆಲವರು ಬಾಟಮ್ ಬ್ರಾಕೆಟ್ ನಡುವಿನಿಂದ ಟಾಪ್ ಟ್ಯೂಬಿನ ನಡುವಿಗೆ ಅಳೆಯುತ್ತಿದ್ದರು, ಕೆಲವರು ಸೀಟ್ ಟ್ಯೂಬಿನ ತುದಿಗೆ. ಎರಡಕ್ಕೂ ಒಂದೆರಡು ಸೆಂ.ಮೀ. ವ್ಯತ್ಯಾಸ. ಹಾಗಾಗಿ ಮಾರುವವರು ಹೇಳಿದ ನಂಬರ್ ಬಿಟ್ಟು ಮಾಡೆಲ್ ಮತ್ತು ವರ್ಷ ಕೇಳಿ, ಆ ವರ್ಷದ ಜಿಯೋಮೆಟ್ರಿ ಕೋಷ್ಟಕ ಹುಡುಕಿ. ಅದು ಸಿಗದಿದ್ದರೆ ಸೈಕಲ್ಲನ್ನು ಸಮತಟ್ಟು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ನೆಲದಿಂದ ಹೆಡ್ ಟ್ಯೂಬಿನ ಮೇಲ್ತುದಿಗೆ ಅಳೆಯಿರಿ. ನೆಲದಿಂದ ಬಾಟಮ್ ಬ್ರಾಕೆಟ್ ನಡುವಿಗೂ ಅಳೆಯಿರಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಸ್ಟ್ಯಾಕ್. ಜೊತೆಗೆ ಸ್ಟೆಮ್ ಕೆಳಗೆ ಎಷ್ಟು ಸ್ಪೇಸರ್ ಇದೆ, ಸ್ಟೀರರ್ ಎಲ್ಲಿಗೆ ಕತ್ತರಿಸಿದ್ದಾರೆ, ಸೀಟ್ ಪೋಸ್ಟಿನ ಗೆರೆ ಎಲ್ಲಿದೆ ಅನ್ನುವ ಮೂರು ಫೋಟೋ ಕಳಿಸಲು ಹೇಳಿ. ಇವನ್ನು ನೋಡದೆ ಸೈಕಲ್ ನೋಡಲು ದೂರ ಹೋಗಬೇಡಿ.